ಅಲಾರಾಂ ಹೊಡೆಯುವ ಮೊದಲೇ ಎಚ್ಚರವಾಗಬೇಕೆ? ಮಿದುಳಿಗೆ ಹೊತ್ತು ಕಲಿಸುವ ಕ್ರಮ

ಏಳುವ ತಯಾರಿ ಕಣ್ಣು ಬಿಡುವುದಕ್ಕೆ ಒಂದೆರಡು ಗಂಟೆ ಮೊದಲೇ ಮೈಯೊಳಗೆ ಶುರುವಾಗಿರುತ್ತದೆ. ನಸುಕಿನಲ್ಲಿ ತೀರಾ ಕೆಳಗಿಳಿದ ಮೈಶಾಖ ಮತ್ತೆ ಏರತೊಡಗುತ್ತದೆ, ರಾತ್ರಿಯಾಯಿತೆಂದು ಮೈಗೆ ತಿಳಿಸುವ ಹಾರ್ಮೋನು ಮೆಲಟೋನಿನ್ ಇಳಿಯುತ್ತದೆ, ಮೈಯನ್ನು ಎಚ್ಚರಕ್ಕೆ ಅಣಿಮಾಡುವ ಹಾರ್ಮೋನು ಕಾರ್ಟಿಸಾಲ್ ಹೆಚ್ಚುತ್ತದೆ. ಇವಕ್ಕೆಲ್ಲ ಹೊತ್ತು ಹೇಳಿಕೊಡುವುದು ಮಿದುಳಿನ ಬುಡದ ಭಾಗವಾದ ಹೈಪೊಥಲಾಮಸ್‌ನಲ್ಲಿರುವ ಸುಮಾರು 20,000 ನರಕೋಶಗಳ ಜೋಡಿ ಗುಂಪು. ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ ಅದು ಕೂತಿದೆ, ಗಾತ್ರದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದು. ಜೈವಿಕ ಗಡಿಯಾರ ಎನ್ನುವುದು ಇದನ್ನೇ.

ಇದರ ಜೊತೆಗೆ ಇನ್ನೊಂದು ಲೆಕ್ಕವೂ ನಡೆಯುತ್ತಿರುತ್ತದೆ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆಯ ಒತ್ತಡ ಬೆಳೆಯುತ್ತದೆ, ಮಲಗಿದಾಗ ಅದು ಕರಗುತ್ತದೆ. ಈ ಎರಡು ಲೆಕ್ಕಗಳನ್ನು ಸೇರಿಸಿ ನಿದ್ದೆಯನ್ನು ವಿವರಿಸಿದವರು ನಿದ್ದೆಯ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ, 1982ರಲ್ಲಿ. ನಿದ್ದೆಯ ಒತ್ತಡ ತೀರಿರಬೇಕು, ಗಡಿಯಾರವೂ ಬೆಳಗಾಯಿತು ಎನ್ನಬೇಕು. ಎರಡೂ ಒಂದೇ ಹೊತ್ತಿಗೆ ಬಂದರೆ ತಾನಾಗಿ ಎಚ್ಚರವಾಗುತ್ತದೆ. ಮುಂದೆ ಹೇಳುವುದೆಲ್ಲ ಅವೆರಡನ್ನು ಒಟ್ಟಿಗೆ ತರುವ ಕೆಲಸ.

ಮೊದಲು ನಿಮಗೆಷ್ಟು ನಿದ್ದೆ ಬೇಕೆಂದು ಅಳೆಯಿರಿ. ಒಂದು ವಾರ ರಜೆ ಸಿಕ್ಕಾಗ ಒಂದೇ ಹೊತ್ತಿಗೆ ಮಲಗಿ, ಅಲಾರಾಂ ಇಡಬೇಡಿ. ಮೊದಲ ಮೂರು ದಿನ ಹಳೆಯ ಬಾಕಿ ತೀರುತ್ತಿರುತ್ತದೆ, ಆ ಲೆಕ್ಕ ಬಿಟ್ಟುಬಿಡಿ. ಉಳಿದ ದಿನಗಳ ಸರಾಸರಿಯೇ ನಿಮ್ಮ ಅಳತೆ. ವಯಸ್ಕರಿಗೆ ಏಳು ಗಂಟೆಗಿಂತ ಕಡಿಮೆ ಬಂದರೆ ಅನುಮಾನಿಸಿ. ಐದೂವರೆಗೆ ಏಳಬೇಕು, ಏಳೂವರೆ ಗಂಟೆ ನಿದ್ದೆ ಬೇಕು ಎಂದಾದರೆ, ನಿದ್ದೆ ಹತ್ತುವ 15–20 ನಿಮಿಷವನ್ನೂ ಸೇರಿಸಿ, ರಾತ್ರಿ ಒಂಬತ್ತೂಮುಕ್ಕಾಲಿಗೆ ದೀಪ ಆರಬೇಕು. ಹನ್ನೆರಡಕ್ಕೆ ಮಲಗಿ ಬ್ರಾಹ್ಮೀ ಮುಹೂರ್ತಕ್ಕೆ ಏಳುವೆನೆಂಬ ಸಂಕಲ್ಪ ಇಲ್ಲಿಯೇ ಮುರಿದುಬೀಳುತ್ತದೆ.

ಇನ್ನು ಹೊತ್ತನ್ನು ಹಿಂದಕ್ಕೆ ತರುವುದು. ಹೆಚ್ಚಿನವರು ಸೋಲುವುದು ಇಲ್ಲೇ, ಅದಕ್ಕೆ ಸೋಮಾರಿತನ ಕಾರಣವಲ್ಲ. ಮೈಶಾಖ ಅತಿ ಕಡಿಮೆಯಾಗುವುದು ನೀವು ರೂಢಿಯಲ್ಲಿ ಏಳುವ ಹೊತ್ತಿಗಿಂತ ಸುಮಾರು ಎರಡು ಗಂಟೆ ಮೊದಲು. ಆ ಬಿಂದುವಿನ ನಂತರ ಕಣ್ಣಿಗೆ ಬೀಳುವ ಬೆಳಕು ಗಡಿಯಾರವನ್ನು ಮುಂಚಿನ ಹೊತ್ತಿಗೆ ಎಳೆಯುತ್ತದೆ. ಅದಕ್ಕಿಂತ ಮೊದಲು ಬಿದ್ದರೆ ತಡವಾದ ಹೊತ್ತಿಗೆ ತಳ್ಳುತ್ತದೆ. ದಿನವೂ ಎಂಟಕ್ಕೆ ಏಳುವವರಿಗೆ ಆ ಬಿಂದು ಆರರ ಸುಮಾರಿಗೆ ಬರುತ್ತದೆ. ಅವರು ಒಂದೇ ಸಲಕ್ಕೆ ನಾಲ್ಕೂವರೆಗೆ ಎದ್ದು ಮನೆಯ ದೀಪವೆಲ್ಲ ಹಾಕಿಕೊಂಡರೆ, ಗಡಿಯಾರ ಅದನ್ನು ಮುಗಿಯದ ಸಂಜೆ ಎಂದೇ ಓದುತ್ತದೆ, ಇನ್ನಷ್ಟು ತಡವಾಗುತ್ತದೆ. ಅದರ ಮೇಲೆ ಮನುಷ್ಯನ ಗಡಿಯಾರದ ಸುತ್ತು ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ, ಹಾಗಾಗಿ ತಡವಾಗುವುದೇ ಅದಕ್ಕೆ ಸಲೀಸು.

ಆದ್ದರಿಂದ ಎರಡು ದಿನಕ್ಕೆ 15 ನಿಮಿಷ ಮಾತ್ರ ಹಿಂದಕ್ಕೆ ಸರಿಸಿ. ಎಂಟರಿಂದ ಐದೂವರೆಗೆ ಬರಲು ಹತ್ತು ಮೆಟ್ಟಿಲು, ಅಂದರೆ ಇಪ್ಪತ್ತು ದಿನ. ಮಲಗುವ ಹೊತ್ತನ್ನೂ ಅಷ್ಟಷ್ಟೇ ಸರಿಸಬೇಕು. ಒಂದು ಮೆಟ್ಟಿಲಲ್ಲಿ ಸಿಕ್ಕಿಕೊಂಡರೆ ಇನ್ನೆರಡು ದಿನ ಅಲ್ಲೇ ಇರಿ.

ಬೆಳಕಿಗೆ ಮನೆಯ ಟ್ಯೂಬ್‌ಲೈಟ್ ಸಾಲದು. ಬೆಳಕನ್ನು ಅಳೆಯುವ ಮಾನ ಲಕ್ಸ್, ಅದರಡಿ ಸಿಗುವುದು 100–300 ಲಕ್ಸ್. ಮೋಡ ಕವಿದ ದಿನವೂ ಬಯಲಿನಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಜೂನ್‌ನಲ್ಲಿ ಆರಕ್ಕೆ ಸ್ವಲ್ಪ ಮೊದಲು, ಜನವರಿ ಕೊನೆಗೆ ಆರೂಮುಕ್ಕಾಲರ ಸುಮಾರಿಗೆ. ಐದೂವರೆಗೆ ಏಳುವವರಿಗೆ ಯಾವ ತಿಂಗಳಲ್ಲೂ ಬಿಸಿಲು ಸಿಗುವುದಿಲ್ಲ. ಎದ್ದ ಕೂಡಲೇ ದೀಪ ಹಾಕಿಕೊಳ್ಳಿ, ಸೂರ್ಯ ಬಂದ ಮೇಲೆ ಅರ್ಧ ಗಂಟೆ ಅಂಗಳದಲ್ಲೋ ತಾರಸಿಯಲ್ಲೋ ಇರಿ. ಸೂರ್ಯನನ್ನು ನೇರವಾಗಿ ನೋಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಮುಕ್ಕಾಲು ಗಂಟೆ ಜಗುಲಿಯಲ್ಲಿ ಕೂತರೆ ಒಳ್ಳೆಯದು. ಸಂಜೆಗೆ ಇದರ ತದ್ವಿರುದ್ಧ. ಮಲಗುವ ಎರಡು ಗಂಟೆ ಮೊದಲು ಮೆಲಟೋನಿನ್ ಏರತೊಡಗುತ್ತದೆ, ಆಗಿನಿಂದ ಛಾವಣಿಯ ಬಿಳಿ ದೀಪ ಆರಿಸಿ ಹಳದಿ ಬೆಳಕಿನ ಸಣ್ಣ ದೀಪವೊಂದೇ ಇರಲಿ.

ಕಾಫಿ ಅಡೆನೊಸಿನ್‌ನ ಜಾಗ ಆಕ್ರಮಿಸಿ ನಿದ್ದೆಯ ಒತ್ತಡವನ್ನು ಮರೆಮಾಡುತ್ತದೆ, ಕರಗಿಸುವುದಿಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ಪಾಲು ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಕೊನೆಯ ಲೋಟ ಮಧ್ಯಾಹ್ನ ಒಂದರೊಳಗೆ ಮುಗಿಯಲಿ.

‘ಇಷ್ಟು ಗಂಟೆಗೆ ಏಳಬೇಕು’ ಎಂದುಕೊಂಡು ಮಲಗುವುದಕ್ಕೂ ಅರ್ಥವಿದೆ. 1999ರಲ್ಲಿ ಜರ್ಮನಿಯ ವಿಜ್ಞಾನಿ ಯಾನ್ ಬಾರ್ನ್ ಮತ್ತು ಸಂಗಡಿಗರು 15 ಜನರನ್ನು ಮಲಗಿಸಿ ರಾತ್ರಿಯಿಡೀ ರಕ್ತ ಪರೀಕ್ಷಿಸಿದರು. ಆರಕ್ಕೆ ಎಬ್ಬಿಸುತ್ತೇವೆಂದು ಹೇಳಿದ ರಾತ್ರಿ, ಐದರ ಸುಮಾರಿನಿಂದಲೇ ಕಾರ್ಟಿಸಾಲ್ ಹೊರಡಿಸುವ ಎಸಿಟಿಎಚ್ ಹಾರ್ಮೋನು ಏರತೊಡಗಿತು. ಒಂಬತ್ತಕ್ಕೆ ಎಂದು ಹೇಳಿ ಆರಕ್ಕೇ ಎಬ್ಬಿಸಿದ ರಾತ್ರಿ ಆ ಮುಂಚಿನ ಏರಿಕೆ ಇರಲಿಲ್ಲ. ಆದರೆ ಅವರನ್ನು ಎಬ್ಬಿಸಿದ್ದರು, ಅವರೇ ಎದ್ದದ್ದಲ್ಲ ಎಂಬುದನ್ನು ಮರೆಯಬಾರದು. ಹಾಗಾಗಿ ಅಲಾರಾಂ ಇರಲಿ, ಬೇಕಾದ ಹೊತ್ತಿಗಿಂತ ಹತ್ತು ನಿಮಿಷ ತಡವಾಗಿ ಇಡಿ. ಮಂಚದಿಂದ ದೂರ, ಮುಖ ಗೋಡೆಗೆ ತಿರುಗಿಸಿ. ರಾತ್ರಿ ಗಂಟೆ ನೋಡುತ್ತಿದ್ದರೆ ಎಷ್ಟು ಉಳಿಯಿತೆಂಬ ಲೆಕ್ಕವೇ ನಿದ್ದೆ ಕೆಡಿಸುತ್ತದೆ. ಎದ್ದ ಮೇಲೆ 15–30 ನಿಮಿಷ ಮಂಕು ಕವಿದಿರುವುದು ಸಹಜ, ಆಗಲೇ ಗಾಡಿ ಓಡಿಸಬೇಡಿ.

ಮೂರು ಗಂಟೆಗೇ ಎಚ್ಚರವಾಗುತ್ತಿದೆಯೇ? ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲರ್ಧದಲ್ಲೇ ಮುಗಿಯುವುದರಿಂದ ಆ ಹೊತ್ತಿಗೆ ಸಣ್ಣ ಸದ್ದೂ ಸಾಕು. ಮದ್ಯ ಕುಡಿದಿದ್ದರೆ ಅದು ಇಳಿಯುವಾಗ ನಿದ್ದೆ ಚೂರುಚೂರಾಗುತ್ತದೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮರಳಿ ಮಲಗಿ. ಭಾನುವಾರ ಹೆಚ್ಚೆಂದರೆ ಒಂದು ಗಂಟೆ ತಡವಾಗಿ ಏಳಬಹುದು. ಮೂರು ಗಂಟೆ ತಡವಾದರೆ ಸೋಮವಾರದ ಮಿದುಳು ಬೇರೊಂದು ದೇಶದ ಸಮಯದಲ್ಲಿರುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸುವ ಮನೆಗಳು ಈ ಕ್ರಮವನ್ನು ದಯವಿಟ್ಟು ಅವರ ಮೇಲೆ ಹೇರಬೇಡಿ. ಹದಿಹರೆಯದಲ್ಲಿ ಗಡಿಯಾರವೇ ತಡಕ್ಕೆ ಸರಿದಿರುತ್ತದೆ, ನಿದ್ದೆ 8–10 ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿದ ಮಗುವಿಗೆ ನಾಲ್ಕರ ಅಲಾರಾಂ ಎಂದರೆ ರಾತ್ರಿಯ ಕೊನೆಯ ಭಾಗದ ಕನಸಿನ ನಿದ್ದೆಗೆ ಕತ್ತರಿ. ರಾತ್ರಿ ಪಾಳಿಯವರಿಗೂ ಈ ಕ್ರಮ ಹೊಂದುವುದಿಲ್ಲ, ಅವರ ಬೆಳಕಿನ ಲೆಕ್ಕ ತಲೆಕೆಳಗು.

ಎಂಟು ಗಂಟೆ ಮಲಗಿಯೂ ಸುಸ್ತಾಗಿ ಏಳುತ್ತಿದ್ದರೆ, ಗೊರಕೆ ಜೋರಾಗಿದ್ದು ನಡುವೆ ಉಸಿರು ನಿಲ್ಲುತ್ತದೆಂದು ಪಕ್ಕದಲ್ಲಿ ಮಲಗುವವರು ಹೇಳಿದರೆ, ಹೊತ್ತು ಸರಿಸಿ ಪ್ರಯೋಜನವಿಲ್ಲ. ಇಎನ್‌ಟಿ ಅಥವಾ ಶ್ವಾಸಕೋಶ ತಜ್ಞರಿಗೆ ತೋರಿಸಿ, ಅವರು ಹೇಳಿದರೆ ನಿದ್ದೆಯ ಪರೀಕ್ಷೆ ಮಾಡಿಸಿ.