‘ಡೌಟು’ ಇಂಗ್ಲಿಷಿಗೆ ದಾಟುವಾಗ

ಮಳೆಗಾಲದ ಸಂಜೆ ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ ಆಗುಂಬೆ ಕಡೆಯ ಬಸ್ಸಿಗೆ ಕಾದವರಲ್ಲಿ ಒಬ್ಬರು ‘ಬಸ್ಸು ಬರೋದು ಡೌಟು ಮಾರಾಯ್ರೆ’ ಎಂದರೆ, ಪಕ್ಕದವರು ‘ಆಗ್ಲೇ ಹೋಗಿದೆ ಅಂತ ನಂಗೆ ಡೌಟು’ ಎನ್ನುತ್ತಾರೆ. ಎರಡು ಮಾತಿನಲ್ಲೂ ಪದ ಒಂದೇ ಆದರೂ ಮೊದಲನೆಯವರ ಮನಸ್ಸು ‘ಬರುವುದಿಲ್ಲ’ ಎಂಬ ಕಡೆಗೂ ಎರಡನೆಯವರ ಮನಸ್ಸು ‘ಹೋಗಿದೆ’ ಎಂಬ ಕಡೆಗೂ ವಾಲಿದೆ. ನಮ್ಮ ಅನುಮಾನ, ಸಂಶಯ, ಗುಮಾನಿಗಳಂತೆ ಈ ಡೌಟು ಕೂಡ ಎರಡೂ ಕಡೆಗೆ ಒಗ್ಗುತ್ತದೆ. ಇಂಗ್ಲಿಷಿನ ‘ಡೌಟ್’ ಹಾಗಲ್ಲ. ಕ್ರಿಯಾಪದವಾಗಿ ಬಳಸಿದಾಗ ಅದು ‘ಇಲ್ಲ’ ಎಂಬ ಕಡೆಗೇ ವಾಲುತ್ತದೆ. ‘ಹೌದಿರಬೇಕು’ ಎಂದು ತೋರಿದರೆ ಅಲ್ಲಿ ಹೇಳಬೇಕಾದದ್ದು ‘ಸಸ್ಪೆಕ್ಟ್’.

ಇದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಬಳಿ ಇಂಗ್ಲಿಷ್ ಕಲಿಯುತ್ತಿದ್ದ ಹುಡುಗನೊಬ್ಬ, ತನ್ನ ತೋಟದ ಅಡಿಕೆ ಮರಗಳ ಬುಡದಲ್ಲಿ ಹಸಿಕಾಯಿ ಉದುರಿ ಅದರ ತೊಟ್ಟಿನ ಸುತ್ತ ಬಿಳಿಯ ಬೂಸ್ಟು ಹಿಡಿದದ್ದನ್ನು ನೋಡಿ, ಹೊರರಾಜ್ಯದ ತಜ್ಞರೊಬ್ಬರಿಗೆ ‘ಐ ಡೌಟ್ ದಟ್ ಅವರ್ ಗಾರ್ಡನ್ ಹ್ಯಾಸ್ ಕೊಳೆರೋಗ’ ಎಂದು ಬರೆದ. (ಕೊಳೆರೋಗ ಎಂಬ ನಮ್ಮ ಪದವನ್ನೇ ಇಂಗ್ಲಿಷಿನ ಕೃಷಿ ಬರಹಗಳೂ ಬಳಸುವುದರಿಂದ ಅಲ್ಲಿ ತೊಡಕಿರಲಿಲ್ಲ.) ‘ಕೊಳೆರೋಗ ಬಂದಿರಲಾರದು’ ಎಂದು ಓದಿಕೊಂಡ ಅವರು, ಹಾಗಿದ್ದರೆ ಚಿಂತೆಯಿಲ್ಲ ಎಂದು ಉತ್ತರಿಸಿದರು. ‘ಡೌಟ್’ ತೆಗೆದು ‘ಸಸ್ಪೆಕ್ಟ್’ ಹಾಕಿ ಮತ್ತೆ ಕಳುಹಿಸಿದಾಗ, ಉದುರಿದ ಕಾಯಿಯ ಫೋಟೊ ಕಳುಹಿಸಿ ಎಂಬ ಮಾತು ಅದೇ ದಿನ ಬಂತು. ಸ್ಕಾಟ್ಲೆಂಡಿನವರ ಆಡುಮಾತಿನಲ್ಲಿ ಮಾತ್ರ ‘ಐ ಡೌಟ್ ಇಟ್ ವಿಲ್ ರೇನ್’ ಎಂದರೆ ಮಳೆ ಬಂದೀತು ಎಂದೇ ಅರ್ಥ. ಹುಡುಗನ ಪತ್ರ ಅಲ್ಲಿಗೆ ಹೋಗಿದ್ದರೆ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೊ.

ಮೊದಲ ಹಂತ: ಇಂಗ್ಲಿಷಿಗೆ ಹೋಗುವ ಮುನ್ನ ಕನ್ನಡದ ವಾಕ್ಯವನ್ನು ಪೂರ್ತಿಯಾಗಿ ಹೇಳಿಕೊಂಡು, ಡೌಟಿನ ಹಿಂದೆ ಏನಿದೆ ಎಂದು ನೋಡಬೇಕು. ‘ಬರೋದು ಡೌಟು’, ‘ಸಿಗೋದು ಡೌಟು’ ಎಂಬಂತೆ ಅಲ್ಲಿ ‘-ಓದು’ ಇದ್ದರೆ ‘ಡೌಟ್’ ಸರಿ. ‘ಬಂದಿದೆ ಅಂತ’, ‘ಹೋಗಿದೆ ಅಂತ’ ಎಂದು ‘ಅಂತ’ ಇದ್ದರೆ ‘ಸಸ್ಪೆಕ್ಟ್’. ‘ಬರಲ್ಲ ಅಂತ ಡೌಟು’ ಎಂದು ನಿಷೇಧವಿದ್ದರೂ ಇದೇ ಪದ ಸಲ್ಲುತ್ತದೆ. ‘ಬರುತ್ತೋ ಇಲ್ಲವೋ ಅಂತ ಡೌಟು’ ಎಂದು ಎರಡು ‘ಓ’ ಬಂದರೆ ಮನಸ್ಸು ಯಾವ ಕಡೆಗೂ ವಾಲಿಲ್ಲ. ಅಲ್ಲಿ ‘ಐ ಯಾಮ್ ನಾಟ್ ಶೂರ್ ವೆದರ್’ ಎನ್ನುವುದೇ ಲೇಸು. ಈ ಗುರುತು ವ್ಯಾಕರಣ ಪುಸ್ತಕದ್ದಲ್ಲ, ಪಾಠ ಹೇಳುತ್ತ ನಾನು ಕಂಡುಕೊಂಡದ್ದು. ಹೆಚ್ಚಿನ ಕಡೆ ಕೈಕೊಟ್ಟಿಲ್ಲ.

ಎರಡನೆಯ ಹಂತ: ಡೌಟು ಮನುಷ್ಯರ ಮೇಲಿದ್ದರೆ ಇನ್ನಷ್ಟು ಎಚ್ಚರ ಬೇಕು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕಾಣೆಯಾಗಿ, ‘ಅವನ ಮೇಲೆ ಡೌಟು’ ಎಂದರೆ ಅದು ‘ಐ ಸಸ್ಪೆಕ್ಟ್ ಹಿಮ್’. ‘ಐ ಡೌಟ್ ಹಿಮ್’ ಎಂದರೆ ಅವನ ಮಾತನ್ನು ನಂಬಲಾರೆ ಎಂದಷ್ಟೆ. ಅದರಲ್ಲಿ ಕಳ್ಳತನದ ಆರೋಪವಿಲ್ಲ.

ಮೂರನೆಯದು ತರಗತಿಯ ಡೌಟು. ಶಿವಮೊಗ್ಗದ ಯಾವ ಕಾಲೇಜಿನಲ್ಲಾದರೂ ‘ಸಾರ್, ಒಂದು ಡೌಟು’ ಎಂದು ಕೈ ಎತ್ತಿದವರಿಗೆ ಪಾಠದ ಮೇಲೆ ಅಪನಂಬಿಕೆಯೇನೂ ಇರುವುದಿಲ್ಲ. ಅರ್ಥವಾಗದ್ದನ್ನು ಕೇಳಬೇಕಾಗಿದೆ, ಅಷ್ಟೆ. ಭಾರತದ ಇಂಗ್ಲಿಷಿನಲ್ಲಿ ಈ ಅರ್ಥ ಬೇರೂರಿರುವುದರಿಂದ ಅದನ್ನು ತಪ್ಪೆಂದು ತಿದ್ದುವ ಉಮೇದು ನನಗಿಲ್ಲ. ಆದರೆ ಇಂಗ್ಲೆಂಡ್ ಅಥವಾ ಅಮೆರಿಕದವರ ಮುಂದೆ ‘ಐ ಹ್ಯಾವ್ ಎ ಡೌಟ್’ ಎಂದರೆ, ‘ನೀವು ಹೇಳಿದ್ದು ನಿಜವೆಂದು ತೋರುತ್ತಿಲ್ಲ’ ಎಂಬ ಧ್ವನಿ ಅವರಿಗೆ ಕೇಳಿಸಬಹುದು. ಅಂಥ ಸಂದರ್ಶನದಲ್ಲೂ ಇಮೇಲ್‌ನಲ್ಲೂ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಬೇಕು. ‘ಐ ಯಾಮ್ ಹ್ಯಾವಿಂಗ್ ಎ ಡೌಟ್’ ಎನ್ನುವುದನ್ನಂತೂ ಎಲ್ಲಿಯೂ ಬಿಡುವುದು ಒಳ್ಳೆಯದು.

ವಾಕ್ಯ ಕಟ್ಟುವಾಗ ‘ಡೌಟ್’ ನಂತರ ‘ವೆದರ್’, ‘ಇಫ್’, ‘ದಟ್’ ಮೂರೂ ಬರಬಹುದು. ಆದರೆ ‘ಐ ಡೋಂಟ್ ಡೌಟ್’ ಎಂದಾಗ ‘ದಟ್’ ಒಂದನ್ನೇ ಹಾಕಬೇಕು. ‘ನೋ ಡೌಟ್’ ಎಂಬುದು ನಾವು ತಿಳಿದಷ್ಟು ಗಟ್ಟಿಯಲ್ಲ. ‘ನೋ ಡೌಟ್ ಹಿ ವಿಲ್ ಕಮ್’ ಎನ್ನುವಲ್ಲಿ ಸಾಮಾನ್ಯವಾಗಿ ‘ಬಂದಾನು ಬಿಡಿ’ ಎಂಬಷ್ಟೇ ಭರವಸೆ ಇರುತ್ತದೆ; ಬಂದೇ ಬರುತ್ತಾನೆ ಎನ್ನಲು ‘ವಿದೌಟ್ ಎ ಡೌಟ್’ ಬೇಕು. ನ್ಯಾಯಾಲಯದ ‘ಬಿಯಾಂಡ್ ರೀಸನೆಬಲ್ ಡೌಟ್’, ‘ಬೆನಿಫಿಟ್ ಆಫ್ ಡೌಟ್’ಗಳನ್ನು ಪತ್ರಿಕೆಗಳ ‘ಸಂಶಯಾತೀತವಾಗಿ ಸಾಬೀತು’, ‘ಸಂಶಯದ ಲಾಭ’ಗಳ ಮೂಲಕ ನಾವು ಆಗಲೇ ಬಲ್ಲೆವು.

ಕಡೆಯದಾಗಿ ಕಾಗುಣಿತ. ಬರೆಯುವಾಗ ಡಿ, ಒ, ಯು, ಬಿ, ಟಿ. ನುಡಿಯುವಾಗ ‘ಬಿ’ಗೆ ಸದ್ದಿಲ್ಲ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಈ ಪದದಲ್ಲಿ ‘ಬಿ’ ಇರಲೇ ಇಲ್ಲ. ಲ್ಯಾಟಿನ್ ಮೂಲವಾದ ‘ದುಬಿತಾರೆ’ಯಲ್ಲಿ ಅದನ್ನು ಕಂಡ ಪಂಡಿತರು ಬರಹದಲ್ಲಿ ಸೇರಿಸಿದರು, ಜನ ಮಾತ್ರ ನಾಲಗೆ ಬದಲಿಸಲಿಲ್ಲ. ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಸುಮ್ಮನೆ ಕುಳಿತಿರುವ ‘ಬಿ’ಯೂ ಹೀಗೆಯೇ ಬಂದದ್ದು.