ಡ್ರೋನ್ ಹಾರಿಸುವ ಮುಂಚೆ ತಕ್ಕಡಿಗೆ ಹಾಕಿ

ಅಣ್ಣನ ಮಗ ಪಿಯುಸಿ ಪಾಸಾದ ಖುಷಿಗೆ ಮನೆಗೊಂದು ಡ್ರೋನ್ ಬಂತು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘249 ಗ್ರಾಂ’ ಎಂದಿತ್ತು. ‘ಇನ್ನೂರೈವತ್ತರ ಒಳಗಿದೆ ಸಾರ್, ರಿಜಿಸ್ಟ್ರೇಷನ್ ಗಿಜಿಸ್ಟ್ರೇಷನ್ ಏನೂ ಬೇಡ, ಆರಾಮಾಗಿ ಹಾರಿಸಿ’ ಎಂದು ಅಂಗಡಿಯವರು ಧೈರ್ಯ ಹೇಳಿ ಕಳಿಸಿದ್ದರು. ಹುಡುಗ ಅದೇ ದಿನ ಅದರ ಬೆನ್ನಿಗೆ ಹಳದಿ-ಕೆಂಪು ಬಾವುಟದ ಸ್ಟಿಕ್ಕರ್ ಅಂಟಿಸಿದ. ತೆಂಗಿನ ಗರಿಗೆ ತಾಗಿ ರೆಕ್ಕೆ ಮುರಿದೀತು ಎಂದು ಸುತ್ತ ಪ್ಲಾಸ್ಟಿಕ್ ಗಾರ್ಡ್ ಹಾಕಿದ. ಭಾನುವಾರ ಗುಬ್ಬಿ ಕಡೆಯ ನಮ್ಮ ತೋಟದಲ್ಲಿ ಮೊದಲ ಹಾರಾಟ ಎಂದು ದಿನವೂ ಗೊತ್ತಾಯಿತು.

ನನಗೆ ಆ 249 ಎಂಬ ಸಂಖ್ಯೆಯ ಮೇಲೆ ಅನುಮಾನ. ಶನಿವಾರ ತುಮಕೂರಿನ ಮಂಡಿಪೇಟೆಗೆ ಹೋದಾಗ ಡ್ರೋನನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆವು. ದಿನಸಿ ಅಂಗಡಿಯ ತಕ್ಕಡಿ 285 ತೋರಿಸಿತು. ಆದರೆ ಆ ತಕ್ಕಡಿ ಐದೈದು ಗ್ರಾಂ ಲೆಕ್ಕದಲ್ಲಿ ಹಾರುತ್ತದೆ. ಬೇಳೆಗೆ ಸರಿ, ಇದಕ್ಕೆ ಸಾಲದು. ಪರಿಚಯದ ಚಿನ್ನದ ಅಂಗಡಿಗೆ ಹೋದೆವು. ಅವರು ನಗುತ್ತಲೇ ಗಾಜಿನ ಬಾಗಿಲು ತೆಗೆದು ಒಳಗಿಟ್ಟರು. 283.9. ಗಾರ್ಡ್ ಬಿಚ್ಚಿದಾಗ 251.8. ‘ಚಿಕ್ಕಪ್ಪಾ, ಡಬ್ಬದ ಮೇಲೆ ಸುಳ್ಳು ಹಾಕಿದಾರೆ’ ಅಂದ ಹುಡುಗ. ಸುಳ್ಳಲ್ಲ. ಸ್ಟಿಕ್ಕರ್ ಕಿತ್ತು ಇಟ್ಟಾಗ 248.7ಕ್ಕೆ ಬಂತು. ಮೂರು ಗ್ರಾಂ ಸ್ಟಿಕ್ಕರ್ ಡ್ರೋನಿನ ಜಾತಿಯನ್ನೇ ಬದಲಿಸಿತ್ತು.

ಹಾಗಾಗಿ ಡ್ರೋನ್ ಕೊಂಡವರು ಮಾಡಬೇಕಾದ ಮೊದಲ ಕೆಲಸ ಇದೇ. ತೂಗಿ ನೋಡಿ.

ತೂಕ ಎಂದರೆ ಯಾವ ತೂಕ?

ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು. ಅದರಲ್ಲಿ ಲೆಕ್ಕಕ್ಕೆ ಬರುವುದು ಹಾರುವಾಗಿನ ಒಟ್ಟು ತೂಕ. ಬ್ಯಾಟರಿ, ಕ್ಯಾಮೆರಾ, ಮೆಮೊರಿ ಕಾರ್ಡ್, ಗಾರ್ಡ್, ಸ್ಟಿಕ್ಕರ್, ಕೆಳಗೆ ಏನಾದರೂ ನೇತುಹಾಕಿದ್ದರೆ ಅದೂ ಸೇರಿ. ಡಬ್ಬದ ಮೇಲಿನ ಸಂಖ್ಯೆ ಕಾರ್ಖಾನೆಯಿಂದ ಹೊರಟಾಗಿನದು. ನೀವು ಹಾರಿಸುವುದು ನಿಮ್ಮ ಅಲಂಕಾರ ಸೇರಿದ್ದನ್ನು.

250 ಗ್ರಾಂವರೆಗೆ ಇದ್ದರೆ ಅದು ನ್ಯಾನೊ. ಅದಕ್ಕಿಂತ ಜಾಸ್ತಿ, 2 ಕಿಲೋವರೆಗೆ ಮೈಕ್ರೊ. ಅಲ್ಲಿಂದ 25 ಕಿಲೋವರೆಗೆ ಸ್ಮಾಲ್, 150 ಕಿಲೋವರೆಗೆ ಮೀಡಿಯಂ, ಆಮೇಲೆ ಲಾರ್ಜ್. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್‌ಗಳು ಸಾಮಾನ್ಯವಾಗಿ ಸ್ಮಾಲ್ ಅಥವಾ ಅದರಾಚೆ. ಹವ್ಯಾಸಕ್ಕೆ ಹಾರಿಸುವವರಿಗೆ ಮೊದಲ ಎರಡೇ ಸಾಕು.

ಕೆಲವರು ದೊಡ್ಡ ಬ್ಯಾಟರಿ ಹಾಕಿಸಿಕೊಳ್ಳುತ್ತಾರೆ, ಹತ್ತು ನಿಮಿಷ ಜಾಸ್ತಿ ಹಾರಲಿ ಎಂದು. ಅದರಲ್ಲೇ ಮೂವತ್ತು-ನಲವತ್ತು ಗ್ರಾಂ ಏರುತ್ತದೆ, ನ್ಯಾನೊ ಹೋಗಿ ಮೈಕ್ರೊ ಆಗುತ್ತದೆ. ಬ್ಯಾಟರಿ ಬದಲಿಸಿದಾಗಲೆಲ್ಲ ಮತ್ತೆ ತೂಗಿ.

ನೋಂದಣಿ ಬೇಡ ಎಂಬ ಮಾತು ಎಲ್ಲಿಂದ ಬಂತು?

ಅಂಗಡಿಯವರನ್ನು ಪೂರ್ತಿ ಬೈಯುವಂತಿಲ್ಲ. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಜನಸಾಮಾನ್ಯರು ಡ್ರೋನ್ ಹಾರಿಸುವುದನ್ನೇ ನಿಲ್ಲಿಸಿತ್ತು. 2018ರ ಡಿಸೆಂಬರ್ 1ರಿಂದ ಷರತ್ತಿನ ಮೇಲೆ ಬಿಟ್ಟಿತು. ಆಗ ನ್ಯಾನೊ ಡ್ರೋನ್ 50 ಅಡಿಯೊಳಗೆ, ನಿಯಂತ್ರಣವಿಲ್ಲದ ಆಕಾಶದಲ್ಲಿ ಹಾರಿದರೆ ನೋಂದಣಿ ಬೇಕಿರಲಿಲ್ಲ. ಆ ಮಾತು ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಈಗಲೂ ‘ಐವತ್ತು ಅಡಿ ದಾಟಬೇಡಿ, ಏನೂ ಆಗಲ್ಲ’ ಅನ್ನುವವರು ಸಿಗುತ್ತಾರೆ, ಅಲ್ವಾ?

2021ರ ನಿಯಮಗಳಲ್ಲಿ ಆ ಸಾಲು ಇಲ್ಲ. ನ್ಯಾನೊಗೆ ಮೂರು ವಿನಾಯಿತಿ ಇವೆ: ಮಾದರಿ ಪ್ರಮಾಣಪತ್ರ (ಟೈಪ್ ಸರ್ಟಿಫಿಕೇಟ್, ಅಂದರೆ ಆ ಬಗೆಯ ಡ್ರೋನ್ ಸರಿಯಿದೆ ಎಂಬ ಒಪ್ಪಿಗೆ ಪತ್ರ) ಬೇಡ, ಪೈಲಟ್ ಪ್ರಮಾಣಪತ್ರ ಬೇಡ, ಥರ್ಡ್ ಪಾರ್ಟಿ ವಿಮೆ ಬೇಡ. ನೋಂದಣಿ ಆ ಪಟ್ಟಿಯಲ್ಲಿಲ್ಲ. ಸಂಶೋಧನೆ ಮಾಡುವ ಸಂಸ್ಥೆಗಳು, ಮಾನ್ಯತೆ ಇರುವ ಕಾಲೇಜುಗಳು ತಮ್ಮ ಆವರಣದೊಳಗೆ ಪ್ರಯೋಗಕ್ಕೆ ಹಾರಿಸಿದರೆ ಮಾತು ಬೇರೆ. ಮನೆಯವರು ಆಟಕ್ಕೆ ಹಾರಿಸುವ ಡ್ರೋನ್ ಎಷ್ಟೇ ಚಿಕ್ಕದಿರಲಿ, ಅದಕ್ಕೊಂದು ಯುಐಎನ್, ಅಂದರೆ ಅದರದೇ ಗುರುತಿನ ಸಂಖ್ಯೆ ಬೇಕು. ನಮ್ಮ ಸ್ಕೂಟರಿಗೆ ನಂಬರ್ ಪ್ಲೇಟ್ ಹೇಗೋ ಹಾಗೆ.

250 ದಾಟಿದರೆ ಏನು ಬದಲಾಗುತ್ತದೆ?

ದುಡ್ಡಿಗಲ್ಲದೆ ಸುಮ್ನೆ ಖುಷಿಗೆ ಹಾರಿಸುವುದಾದರೆ ಜಾಸ್ತಿ ಏನಿಲ್ಲ. ಮೈಕ್ರೊ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. 25 ಕಿಲೋ ಒಳಗಿನದನ್ನು ಬರೀ ಹವ್ಯಾಸ ಅಥವಾ ಕಲಿಕೆಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಿದರೆ ಅದನ್ನು ನಿಯಮಗಳು ‘ಮಾಡೆಲ್’ ಎಂದು ಕರೆಯುತ್ತವೆ. ಅದಕ್ಕೆ ಮಾದರಿ ಪ್ರಮಾಣಪತ್ರವೂ ಬೇಡ. ವಿಮೆ ಮಾತ್ರ ಬೇಕೇ ಬೇಕು. ಬಿದ್ದ ಡ್ರೋನ್ ಬೇರೆಯವರ ತಲೆ ಒಡೆದರೆ, ಕಾರಿನ ಗಾಜು ಪುಡಿ ಮಾಡಿದರೆ ಪರಿಹಾರ ಕೊಡುವ ವಿಮೆ ಅದು. ಅಂದರೆ ನಮ್ಮ ಹುಡುಗನ ಬಾವುಟದ ಸ್ಟಿಕ್ಕರ್ ಉಳಿಸಿಕೊಳ್ಳಬೇಕಿದ್ದರೆ ಒಂದು ಪಾಲಿಸಿ ಮಾಡಿಸಬೇಕಿತ್ತು.

ಮದುವೆ ವಿಡಿಯೊ ಮಾಡುವವರ ಕಥೆಯೇ ಬೇರೆ. 900 ಗ್ರಾಂ ಡ್ರೋನ್ ಒಯ್ದು, ಛತ್ರದ ಮೇಲೆ ಸುತ್ತಿಸಿ, ಪ್ಯಾಕೇಜಿನಲ್ಲಿ ಅದಕ್ಕೂ ದುಡ್ಡು ಹಿಡಿದರೆ ಅದು ವ್ಯಾಪಾರ. ಆಗ ಪೈಲಟ್ ಪ್ರಮಾಣಪತ್ರ ಬೇಕು. ವಯಸ್ಸು 18ರಿಂದ 65ರೊಳಗೆ ಇರಬೇಕು, ಹತ್ತನೇ ಕ್ಲಾಸ್ ಪಾಸಾಗಿರಬೇಕು, ಡಿಜಿಸಿಎ ಒಪ್ಪಿಗೆ ಇರುವ ತರಬೇತಿ ಸಂಸ್ಥೆಯಲ್ಲಿ ಕಲಿತಿರಬೇಕು. ಮೊದಲು ಇದಕ್ಕೆ ಪಾಸ್‌ಪೋರ್ಟ್ ಕೇಳುತ್ತಿದ್ದರು. 2023ರಲ್ಲಿ ತಿದ್ದುಪಡಿ ಆಗಿ ವೋಟರ್ ಐಡಿ, ರೇಷನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಸಾಕು ಎಂದಾಗಿದೆ. ಪ್ರಮಾಣಪತ್ರ ಹತ್ತು ವರ್ಷ ನಡೆಯುತ್ತದೆ. ‘ಮಾಡೆಲ್’ ವಿನಾಯಿತಿಯೂ ಇವರಿಗಿಲ್ಲ, ಮೈಕ್ರೊಗೆ ಮಾದರಿ ಪ್ರಮಾಣಪತ್ರ ಇರಲೇಬೇಕು.

ಕೊಳ್ಳುವ ಮೊದಲೇ ಕೇಳಬೇಕಾದ್ದು

2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್ ಆಮದು ನಿಂತಿದೆ. ಇಡೀ ಡ್ರೋನ್ ಇರಲಿ, ಬಿಡಿಸಿ ತಂದು ಇಲ್ಲಿ ಜೋಡಿಸುವುದಿರಲಿ, ಎರಡಕ್ಕೂ ತಡೆ. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ಅನುಮತಿ ಪಡೆದು ತರಬಹುದು. ದುಬೈನಲ್ಲಿರುವ ಭಾವ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬರುತ್ತಾರೆ ಎಂದು ಲೆಕ್ಕ ಹಾಕಬೇಡಿ. ಅಂಗಡಿಯಲ್ಲಿ ಬಿಲ್ ಕೇಳಿ. ಬಿಲ್ಲಿನಲ್ಲಿ ಡ್ರೋನಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ‘ಬಿಲ್ ಇಲ್ಲದಿದ್ರೆ ಎರಡು ಸಾವಿರ ಕಮ್ಮಿ’ ಅಂದರೆ ಎದ್ದು ಬನ್ನಿ.

ನೋಂದಣಿ ಮಾಡುವುದು ಹೇಗೆ?

ನಿಯಮಗಳಲ್ಲಿ ಇದರ ಜಾಲತಾಣಕ್ಕೆ ‘ಡಿಜಿಟಲ್ ಸ್ಕೈ’ ಎಂಬ ಹೆಸರಿದೆ. ನೋಂದಣಿ ಕೆಲಸ ಈಗ ಡಿಜಿಸಿಎಯ ‘ಇಜಿಸಿಎ’ ಪೋರ್ಟಲ್‌ನಲ್ಲಿ ನಡೆಯುತ್ತದೆ. ಮನೆಯ ದೊಡ್ಡವರೊಬ್ಬರ ಹೆಸರಲ್ಲಿ ಖಾತೆ ತೆರೆಯುವುದು ಒಳ್ಳೆಯದು. ತುಂಬಬೇಕಾದ ಅರ್ಜಿ ಡಿ-2. ಶುಲ್ಕ ನೂರು ರೂಪಾಯಿ.

ಅರ್ಜಿಗೆ ಕೂರುವ ಮುಂಚೆ ಮೂರು ಸೀರಿಯಲ್ ನಂಬರ್ ಹುಡುಕಿಟ್ಟುಕೊಳ್ಳಿ. ನಾವು ಇಲ್ಲೇ ಸಿಕ್ಕಿಕೊಂಡಿದ್ದು. ಡ್ರೋನಿನ ನಂಬರ್ ಬ್ಯಾಟರಿ ತೆಗೆದ ಗೂಡಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಯೇ ಓದಬೇಕಾಯಿತು. ಸೊನ್ನೆಯೋ ‘ಓ’ ಅಕ್ಷರವೋ ಎಂದು ಅಪ್ಪ-ಮಗ ಐದು ನಿಮಿಷ ವಾದ ಮಾಡಿದರು. ರಿಮೋಟಿನ ನಂಬರ್ ಅದರ ಹಿಂಬದಿ ಸಿಕ್ಕಿತು. ಮೂರನೆಯದು ಫ್ಲೈಟ್ ಕಂಟ್ರೋಲರಿನದು, ಅಂದರೆ ಡ್ರೋನಿನ ಮಿದುಳು. ಅದು ಹೊರಗೆ ಎಲ್ಲೂ ಬರೆದಿರಲಿಲ್ಲ. ಡ್ರೋನ್ ಆನ್ ಮಾಡಿ, ಆ್ಯಪಿನ ಸೆಟ್ಟಿಂಗ್ಸ್‌ನ ಕೊನೇ ಪುಟಕ್ಕೆ ಹೋದಾಗ ಕಾಣಿಸಿತು. ಈ ಮೂರೂ ಸೇರಿಯೇ ಒಂದು ಯುಐಎನ್. ಮುಂದೆ ರಿಮೋಟ್ ಹಾಳಾಗಿ ಹೊಸದು ತಂದರೆ, ಹಾರಿಸುವ ಮೊದಲು ಪೋರ್ಟಲ್‌ನಲ್ಲೂ ನಂಬರ್ ತಿದ್ದಿ. ಮಾರಿದರೆ ಕೊಂಡವರ ಹೆಸರಿಗೆ ವರ್ಗ ಮಾಡಿಸಿ, ಅದಕ್ಕೂ ನೂರೇ ರೂಪಾಯಿ.

ಯುಐಎನ್ ಬಂದ ಮೇಲೆ ಅದನ್ನೂ ಒಂದು ಮೊಬೈಲ್ ನಂಬರನ್ನೂ ಸಣ್ಣ ಚೀಟಿಯಲ್ಲಿ ಬರೆದು ಡ್ರೋನಿಗೆ ಅಂಟಿಸಿ. ಕಳೆದುಹೋದದ್ದು ವಾಪಸ್ ಬರುವುದು ಹಾಗೆಯೇ. ಚೀಟಿಯ ತೂಕವೂ ಲೆಕ್ಕಕ್ಕಿದೆ, ಮರೆಯಬೇಡಿ.

ಎಲ್ಲಿ, ಎಷ್ಟು ಎತ್ತರ?

ಡಿಜಿಟಲ್ ಸ್ಕೈ ತಾಣದಲ್ಲಿ ದೇಶದ ನಕ್ಷೆ ಇದೆ. ಹಸಿರು, ಹಳದಿ, ಕೆಂಪು. ಹಸಿರಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಯಾರ ಅನುಮತಿಯೂ ಬೇಡ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಆರು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದಷ್ಟು. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದು.

ವಿಮಾನ ನಿಲ್ದಾಣದ ಕಾಂಪೌಂಡಿನಿಂದ 8ರಿಂದ 12 ಕಿಲೋಮೀಟರ್ ನಡುವೆ ಹಸಿರು ಬರೀ 200 ಅಡಿಗೆ ನಿಲ್ಲುತ್ತದೆ. 5ರಿಂದ 8ರ ನಡುವೆ ನೆಲದಿಂದಲೇ ಹಳದಿ. ದೇವನಹಳ್ಳಿಯ ವಿಮಾನ ನಿಲ್ದಾಣದ ಈ ಸುತ್ತು ತುಮಕೂರಿನ ತನಕ ಬರುವುದಿಲ್ಲ. ಹಾಗಂತ ನಮ್ಮಲ್ಲಿ ಎಲ್ಲೆಲ್ಲೂ ಹಸಿರು ಎಂದುಕೊಳ್ಳಬೇಡಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, 615 ಎಕರೆಯಲ್ಲಿ. ಆ ಸುತ್ತಮುತ್ತ ತೋಟ ಇರುವವರು ತಮ್ಮ ಸರ್ವೆ ನಂಬರಿನಷ್ಟೇ ನಿಗಾ ಇಟ್ಟು ನಕ್ಷೆ ನೋಡಬೇಕು. ನಕ್ಷೆ ಬದಲಾಗುತ್ತಲೂ ಇರುತ್ತದೆ, ಹೋದ ತಿಂಗಳು ನೋಡಿದ್ದು ಈ ತಿಂಗಳಿಗೆ ಬರುವುದಿಲ್ಲ.

ಇನ್ನೊಂದಿದೆ. ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ ದರ್ಜೆಯ ಅಧಿಕಾರಿ ತುರ್ತಿಗೆ ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯ ಮಾಡಬಹುದು, ಒಂದು ಸಲಕ್ಕೆ 96 ಗಂಟೆ ಮೀರದಂತೆ. ದೊಡ್ಡ ಜಾತ್ರೆ, ಗಣ್ಯರು ಬರುವ ಸಮಾರಂಭ ಇದ್ದರೆ ಹಿಂದಿನ ದಿನ ಠಾಣೆಗೊಂದು ಫೋನ್ ಮಾಡಿ ಕೇಳುವುದು ಮರ್ಯಾದೆ.

ದೇವರಾಯನದುರ್ಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತುಮಕೂರಿನಲ್ಲಿ ಡ್ರೋನ್ ಕೊಂಡ ಎಲ್ಲರಿಗೂ ಮೊದಲು ನೆನಪಾಗುವುದು ಆ ಬೆಟ್ಟವೇ. ಸುತ್ತಲೂ ಮೀಸಲು ಅರಣ್ಯ, ಹಾಗಾಗಿ ಅರಣ್ಯ ಇಲಾಖೆಯನ್ನು ಕೇಳದೆ ಡಬ್ಬ ಬಿಚ್ಚಬೇಡಿ. ಅದಿರಲಿ, ಎತ್ತರದ ಲೆಕ್ಕವೂ ಅಲ್ಲಿ ಮೋಸ ಮಾಡುತ್ತದೆ. ಆ್ಯಪ್ ತೋರಿಸುವ ಎತ್ತರ ನೀವು ಹಾರಿಸಿದ ಜಾಗದಿಂದ. ಯೋಗಾನರಸಿಂಹನ ಗುಡಿಯ ಹತ್ತಿರ ನಿಂತು ಹಾರಿಸಿ ಕಣಿವೆ ಕಡೆ ನೇರಕ್ಕೆ ಕಳಿಸಿದರೆ ಪರದೆಯ ಮೇಲೆ ‘20 ಮೀಟರ್’ ಎಂದೇ ಇರುತ್ತದೆ. ಅಡಿಯಲ್ಲಿ ನೆಲ ಮಾತ್ರ ಜಾರಿಕೊಂಡು ಹೋಗಿರುತ್ತದೆ. ಡ್ರೋನ್ ನೆಲದಿಂದ 120 ಮೀಟರ್ ಯಾವಾಗಲೋ ದಾಟಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಮಧುಗಿರಿ ಬೆಟ್ಟದಲ್ಲೂ ಇದೇ ಕಥೆ. ಅಲ್ಲಿನ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅದರ ಮೇಲೆ ಹಾರಿಸಲು ಅವರ ಅನುಮತಿ ಬೇರೆ ಬೇಕು.

ಹಾರಿಸುವ ದಿನ

ಬೆಳಿಗ್ಗೆ ಎಂಟರೊಳಗೆ ಹಾರಿಸಿ. ಆಷಾಢದಲ್ಲಂತೂ ಹತ್ತರ ಮೇಲೆ ಹಗುರ ಡ್ರೋನ್ ಹೊರಗೆ ತೆಗೆಯಲೇಬೇಡಿ. 250 ಗ್ರಾಂ ಎಂಬುದು ಕಾನೂನಿಗೆ ಅನುಕೂಲ, ಗಾಳಿಗೂ ಅಷ್ಟೇ ಅನುಕೂಲ. ಗಾಳಿಯ ಜೊತೆ ಹೋಗುವಾಗ ಸಲೀಸಾಗಿ ಹೋಗುತ್ತದೆ. ಬರುವಾಗ ಎದುರು ಗಾಳಿಗೆ ಬ್ಯಾಟರಿ ಅರ್ಧ ದಾರಿಯಲ್ಲೇ ಖಾಲಿಯಾಗುತ್ತದೆ. ಆದ್ದರಿಂದ ಮೊದಲು ಗಾಳಿಗೆ ಎದುರಾಗಿ ಕಳಿಸಿ. ಕೆರೆ ಏರಿ ಮೇಲೆ ಹಾರಿಸುವವರು ಹದ್ದುಗಳ ಮೇಲೆ ಕಣ್ಣಿಡಿ. ಅಟ್ಟಿಸಿಕೊಂಡು ಬಂದರೆ ಪಕ್ಕಕ್ಕೆ ಓಡಿಸುವ ಬದಲು ನಿಧಾನ ಇಳಿಸಿ. ಮೇಲೆ ಹೆಲಿಕಾಪ್ಟರ್ ಸದ್ದು ಕೇಳಿದರೂ ಅಷ್ಟೇ, ಕೂಡಲೇ ಇಳಿಸಿ. ಮನುಷ್ಯರಿರುವ ವಿಮಾನಕ್ಕೆ ದಾರಿ ಬಿಡಬೇಕಾದ್ದು ಡ್ರೋನೇ.

ಡ್ರೋನ್ ಕಣ್ಣಿಗೆ ಕಾಣುತ್ತಿರಬೇಕು. ಮೊಬೈಲ್ ಪರದೆಯಲ್ಲಿ ಕಾಣುವುದು ಲೆಕ್ಕಕ್ಕಿಲ್ಲ. ಪಕ್ಕದ ಮನೆಯ ಅಂಗಳ, ತಾರಸಿ ಮೇಲೆ ಕ್ಯಾಮೆರಾ ನಿಲ್ಲಿಸಿದರೆ ಜಗಳ ಖಾತ್ರಿ, ಅದನ್ನು ನಿಯಮ ಹೇಳಿಕೊಡಬೇಕಿಲ್ಲ.

ನಿಯಮ ಮುರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ ಹೋಗಬಹುದು. ಡ್ರೋನಿನಿಂದ ಅಪಘಾತವಾದರೆ 48 ಗಂಟೆಯೊಳಗೆ ಪೋರ್ಟಲ್ ಮೂಲಕ ಡಿಜಿಸಿಎಗೆ ತಿಳಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡ್ರೋನ್‌ಗಳಿಗೇ ಪ್ರತ್ಯೇಕ ಮಸೂದೆಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಹಾಗಾಗಿ ಅರ್ಜಿ ತುಂಬುವ ದಿನ ಡಿಜಿಸಿಎ ತಾಣದಲ್ಲಿ ಹೊಸದೇನಿದೆ ಎಂದೂ ನೋಡಿಕೊಳ್ಳಿ.

ನಮ್ಮ ಹುಡುಗನ ಭಾನುವಾರ ಎರಡು ವಾರ ಮುಂದಕ್ಕೆ ಹೋಯಿತು. ಗಾರ್ಡ್ ಇಲ್ಲ, ಸ್ಟಿಕ್ಕರ್ ಇಲ್ಲ, ಬೆನ್ನ ಮೇಲೆ ಯುಐಎನ್ ಚೀಟಿ. ಮತ್ತೆ ಚಿನ್ನದ ಅಂಗಡಿಗೆ ಹೋಗಿ ತೂಗಿಸಿದ, 249.1. ತೋಟದಲ್ಲಿ ಮೂರನೇ ಸುತ್ತಿಗೇ ತೆಂಗಿನ ಗರಿಗೆ ಸಿಕ್ಕಿ ಅಡಿಕೆ ಸಾಲಿನ ನಡುವೆ ಬಿತ್ತು. ಎರಡು ರೆಕ್ಕೆ ಹೋದವು. ಬಾವುಟದ ಸ್ಟಿಕ್ಕರ್ ಈಗ ರಿಮೋಟಿನ ಮೇಲಿದೆ.