ತಿರುವಿನಲ್ಲಿ ಕಟಕಟ ಸದ್ದು ಬರುವ ಮೊದಲೇ ನೋಡಿ: ಡ್ರೈವ್ ಶಾಫ್ಟ್ ಬೂಟ್ ಮತ್ತು ಸಿವಿ ಜಾಯಿಂಟ್ ಆರೈಕೆ

ಕಾರು ಸರ್ವಿಸ್‌ಗೆ ಬಿಟ್ಟಾಗ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಮುಂದಿನ ಚಕ್ರದ ಹಿಂಬದಿಯಲ್ಲಿ, ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನ ಜಾಯಿಂಟ್ ಮುಚ್ಚಿರುವ ಮಡಿಕೆ ಮಡಿಕೆಯ ಕಪ್ಪು ರಬ್ಬರ್, ಅಂದರೆ ಬೂಟ್ ಬಗ್ಗೆ ಕೇಳುವವರು ಕಡಿಮೆ. ಅದು ಹರಿದರೆ ಕಾರು ಅವತ್ತೇ ನಿಲ್ಲುವುದಿಲ್ಲ, ಸದ್ದೂ ಮಾಡುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಕೆಲವು ನೂರು ರೂಪಾಯಿಯ ರಬ್ಬರ್ ಹರಿದು ಸುಮ್ನೆ ಕೂತಿರುತ್ತದೆ, ಅದರೊಳಗಿನ ಸಾವಿರಾರು ರೂಪಾಯಿಯ ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ, ಅಂದರೆ ಸಮವೇಗದ) ಜಾಯಿಂಟ್ ದಿನಾ ಮಣ್ಣು ತಿನ್ನುತ್ತಿರುತ್ತದೆ.

ಮೊದಲು, ನಿಮ್ಮ ಕಾರಿಗೆ ಇದು ಅನ್ವಯವಾಗುತ್ತದಾ ನೋಡಿಕೊಳ್ಳಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಎಂಜಿನ್ ಮುಂದೆ, ಶಕ್ತಿ ಹೋಗುತ್ತಿದ್ದದ್ದು ಹಿಂದಿನ ಚಕ್ರಕ್ಕೆ. ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಮುಂದಿನ ಚಕ್ರವೇ ಎಳೆಯುವ ಕಾರು ಮನೆಮನೆಗೆ ಬಂತು. ಇಂದಿನ ಆಲ್ಟೊ, ಸ್ವಿಫ್ಟ್, ವ್ಯಾಗನ್ಆರ್, ಐ20, ಟಿಯಾಗೊ, ಹೋಂಡಾ ಸಿಟಿ ಎಲ್ಲವೂ ಇದೇ ಜಾತಿ. ಈಕೊ, ಬೊಲೆರೊ ಈಗಲೂ ಹಿಂದಿನ ಚಕ್ರದವು. ಇನ್ನೋವಾದಲ್ಲಿ ಸ್ವಲ್ಪ ಹುಷಾರಾಗಿರಬೇಕು: ಕ್ರಿಸ್ಟಾ ಹಿಂದಿನ ಚಕ್ರದ್ದು, ಹೈಕ್ರಾಸ್ ಮುಂದಿನ ಚಕ್ರದ್ದು.

ಒಳಗೆ ಏನಿದೆ

ಮುಂದಿನ ಚಕ್ರಕ್ಕೆ ಒಂದೇ ಹೊತ್ತಿಗೆ ಮೂರು ಕೆಲಸ. ಶಕ್ತಿ ತೆಗೆದುಕೊಂಡು ತಿರುಗಬೇಕು, ಸ್ಟೀರಿಂಗ್ ಹೇಳಿದ ಕಡೆ ಹೊರಳಬೇಕು, ಗುಂಡಿ ಬಂದರೆ ಮೇಲೆ ಕೆಳಗೆ ಆಡಬೇಕು. ಹಳೆಯ ಲಾರಿಗಳಲ್ಲಿ ಕಾಣುವ ಕ್ರಾಸ್ ಜಾಯಿಂಟ್ ಇಲ್ಲಿಗೆ ಸಾಲದು. ಅದು ಬಾಗಿದ ಸ್ಥಿತಿಯಲ್ಲಿ ಒಂದೇ ವೇಗದಲ್ಲಿ ತಿರುಗುವುದಿಲ್ಲ. 30 ಡಿಗ್ರಿ ಬಾಗಿದ್ದರೆ ಆಚೆಬದಿಯ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಶೇ 87ಕ್ಕೆ ಇಳಿದು, ಎರಡು ಸಲ ಶೇ 115ಕ್ಕೆ ಏರುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಕೈಯಲ್ಲೇ ಕುಣಿಯುತ್ತದೆ.

ಇದಕ್ಕೆ ದಾರಿ ಹುಡುಕಿದವರಲ್ಲಿ ಒಬ್ಬ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ರೆಜೆಪಾ. 1920ರ ದಶಕದಲ್ಲಿ ಅವನು ಮಾಡಿದ ಜಾಯಿಂಟ್‌ನ ವಂಶದ್ದೇ ಇವತ್ತು ಹೆಚ್ಚಿನ ಕಾರುಗಳ ಚಕ್ರದ ಕಡೆ ಇರುವುದು. ಬಟ್ಟಲಿನಂಥ ಉಕ್ಕಿನ ಚಿಪ್ಪು, ಅದರೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು, ಗುಂಡುಗಳನ್ನು ಹಿಡಿದಿಡಲು ಒಂದು ಪಂಜರ. ಶಾಫ್ಟ್ ಎಷ್ಟೇ ಬಾಗಲಿ, ಆ ಕೋನದ ಸರಿಯಾಗಿ ಅರ್ಧದಲ್ಲಿ ಗುಂಡುಗಳು ನಿಲ್ಲುತ್ತವೆ. ಹಾಗಾಗಿ ಈಚೆ ಎಷ್ಟು ವೇಗವೋ ಆಚೆಯೂ ಅಷ್ಟೇ. 45 ಡಿಗ್ರಿ ಆಸುಪಾಸು ಬಾಗಿದರೂ ಇದು ತಕರಾರು ಮಾಡುವುದಿಲ್ಲ. 1959ರಲ್ಲಿ ಬ್ರಿಟನ್ನಿನ ಪುಟ್ಟ ಮಿನಿ ಕಾರು ಇದೇ ಬಗೆಯ ಜಾಯಿಂಟ್ ಹಾಕಿಕೊಂಡು ಬಂದ ಮೇಲೆ ಸಣ್ಣ ಕಾರುಗಳ ರೂಪವೇ ಬದಲಾಯಿತು.

ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಬೇರೆ ಥರ. ಮೂರು ಕವಲಿನ ಮೇಲೆ ಮೂರು ರೋಲರ್, ಅವು ಓಡಾಡಲು ಮೂರು ಗಾಡಿ, ಅಂದರೆ ಉದ್ದನೆಯ ತೋಡು. ಇದು ಜಾಸ್ತಿ ಬಾಗುವುದಿಲ್ಲ, ಆದರೆ ಒಳಗೆ ಹೊರಗೆ ಜಾರುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಾಗ ಶಾಫ್ಟ್‌ನ ಉದ್ದ ಹೊಂದಿಸಿಕೊಳ್ಳುವುದು ಇದೇ. ಒಂದು ಕಾರಿಗೆ ಎರಡು ಶಾಫ್ಟ್, ನಾಲ್ಕು ಜಾಯಿಂಟ್, ನಾಲ್ಕು ಬೂಟ್. ಈ ಜಾಯಿಂಟ್‌ಗಳಿಗೆ ವರ್ಷ ವರ್ಷ ಗ್ರೀಸ್ ಹೊಡೆಯುವ ನಿಪ್ಪಲ್ ಇರುವುದಿಲ್ಲ. ಕಾರ್ಖಾನೆಯಲ್ಲಿ ತುಂಬಿದ ಗ್ರೀಸ್ ಅಷ್ಟೇ. ಬೂಟ್ ಗಟ್ಟಿಯಿದ್ದರೆ ಲಕ್ಷ ಕಿಲೋಮೀಟರ್ ದಾಟಿದರೂ ಜಾಯಿಂಟ್ ತನ್ನ ಪಾಡಿಗೆ ತಾನಿರುತ್ತದೆ. ಆದ್ದರಿಂದ ನಾವು ನೋಡಿಕೊಳ್ಳಬೇಕಾದದ್ದು ಜಾಯಿಂಟನ್ನಲ್ಲ, ಬೂಟನ್ನು.

ಮನೆ ಮುಂದೆಯೇ ನೋಡುವುದು

ಜಾಕ್ ಬೇಡ. ಬರೀ ಜಾಕ್ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಯಾವ ಕಾರಣಕ್ಕೂ ತೂರಬೇಡಿ. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಸ್ಟೀರಿಂಗನ್ನು ಒಂದು ಕಡೆಗೆ ಫುಲ್ ಕಟ್ ಮಾಡಿ ಎಂಜಿನ್ ಆಫ್ ಮಾಡಿ. ಬ್ರೇಕ್ ಡಿಸ್ಕ್ ತಣ್ಣಗಾಗಲಿ. ಈಗ ಚಕ್ರದ ಹಿಂದಿನ ಸಂದಿಯಿಂದ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿ. ಬಲಕ್ಕೆ ಕಟ್ ಮಾಡಿ ಒಮ್ಮೆ, ಎಡಕ್ಕೆ ಕಟ್ ಮಾಡಿ ಒಮ್ಮೆ ನೋಡಿದರೆ ಎರಡೂ ಹೊರಬದಿಯ ಬೂಟ್ ಕಾಣುತ್ತವೆ.

ಮೇಲ್ನೋಟಕ್ಕೆ ಚೆನ್ನಾಗಿದೆ ಎಂದು ಎದ್ದು ಬರಬೇಡಿ. ಬಿರುಕು ಶುರುವಾಗುವುದು ಮಡಿಕೆಯ ಆಳದಲ್ಲಿ, ಮೇಲಿನ ಉಬ್ಬಿನಲ್ಲಲ್ಲ. ಎರಡು ಮಡಿಕೆಗಳ ನಡುವೆ ಹೆಬ್ಬೆರಳಿಟ್ಟು ಮೆಲ್ಲಗೆ ಅಗಲಿಸಿ. ಹೊಸ ರಬ್ಬರ್ ಕಪ್ಪಗೆ, ಮೆತ್ತಗೆ ಇರುತ್ತದೆ. ಹಳೆಯದು ಬೂದಿ ಬಣ್ಣಕ್ಕೆ ತಿರುಗಿ, ಒಣಗಿದ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಗೆರೆ ಬಿಟ್ಟಿರುತ್ತದೆ. ಗೆರೆ ಇದೆ, ತೂತಿಲ್ಲ ಎಂದರೆ ನಿಮಗೆ ಇನ್ನೂ ಸಮಯವಿದೆ. ಚಕ್ರದ ರಿಮ್‌ನ ಒಳಬದಿ, ಬ್ರೇಕ್ ಕ್ಯಾಲಿಪರ್, ಶಾಕ್ ಅಬ್ಸಾರ್ಬರ್ ಮೇಲೆ ಕಪ್ಪು ಜಿಡ್ಡು ಎರಚಿದಂತೆ ಗೆರೆ ಎಳೆದಿದ್ದರೆ ಬೂಟ್ ಹರಿದಿದೆ, ಇಲ್ಲವೇ ಬೂಟನ್ನು ಬಿಗಿದಿಡುವ ಕ್ಲಾಂಪ್ ಸಡಿಲವಾಗಿದೆ. ಚಕ್ರ ತಿರುಗುವ ರಭಸಕ್ಕೆ ಗ್ರೀಸ್ ಹೀಗೆ ಚಿಮ್ಮುತ್ತದೆ. ಒಳಬದಿಯ ಬೂಟ್ ಮೇಲಿಂದ ಕಾಣುವುದಿಲ್ಲ. ಆಯಿಲ್ ಬದಲಿಸಲು ಕಾರನ್ನು ರ‍್ಯಾಂಪ್‌ಗೆ ಏರಿಸಿದಾಗ ಮೆಕ್ಯಾನಿಕ್‌ಗೆ "ಅಣ್ಣಾ, ಒಳಗಿನ ಬೂಟೂ ಒಂದ್ಸಲ ತೋರ್ಸಿ" ಎಂದರೆ ಆಯಿತು.

ಸದ್ದು ಏನು ಹೇಳುತ್ತದೆ

ಖಾಲಿ ಮೈದಾನ ಹುಡುಕಿಕೊಳ್ಳಿ. ಕಿಟಕಿ ಇಳಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಫಸ್ಟ್ ಗೇರ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಸುತ್ತು ಹಾಕಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಚಕ್ರದ ವೇಗಕ್ಕೆ ತಕ್ಕಂತೆ ಕಟ್ ಕಟ್ ಕಟ್ ಎಂದು ಬಂದರೆ ಹೊರಗಿನ ಜಾಯಿಂಟ್ ಸವೆದಿದೆ. ಗುಂಡುಗಳು ಓಡಾಡುವ ಗಾಡಿಯಲ್ಲಿ ಕುಳಿ ಬಿದ್ದು, ಗುಂಡು ಪ್ರತಿ ಸಲ ಅದರೊಳಗೆ ಬಿದ್ದು ಏಳುವ ಸದ್ದು ಅದು. ಆಗುಂಬೆ, ಚಾರ್ಮಾಡಿಯಂಥ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಮೊದಲು ಕೇಳಿಸುವುದೂ ಇದೇ.

ನೇರ ರಸ್ತೆಯಲ್ಲಿ ಜೋರಾಗಿ ಎಳೆಯುವಾಗ ಇಡೀ ಕಾರು ನಡುಗಿ, ಕಾಲು ತೆಗೆದರೆ ನಡುಕ ನಿಂತರೆ ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಮೇಲೆ ಅನುಮಾನಪಡಿ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ 'ಟಕ್' ಎಂದು ಒಂದೇ ಏಟು ಬಂದರೂ ಅದೇ ಇರಬಹುದು. ಆದರೆ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರಿಸಿರುವ ರಬ್ಬರ್ ಆಧಾರ) ಹೋದರೂ ಈ ಏಟು ಬರುತ್ತದೆ, ಅದನ್ನೂ ನೋಡಿಸಿ. ವೇಗ ಏರಿದಂತೆ 'ಹೂಂ' ಎಂದು ಒಂದೇ ಸಮನೆ ಗುನುಗುವುದು ಸಾಮಾನ್ಯವಾಗಿ ವೀಲ್ ಬೇರಿಂಗ್. ಸಿವಿ ಜಾಯಿಂಟ್ ಬದಲಿಸಿ ದುಡ್ಡು ಕಳೆದುಕೊಳ್ಳಬೇಡಿ.

ಬೂಟ್ ಸಾಕಾ, ಜಾಯಿಂಟೇ ಬೇಕಾ

ಗ್ಯಾರೇಜಿನಲ್ಲಿ ವಾದ ನಡೆಯುವ ಜಾಗ ಇದು. ನನ್ನ ಲೆಕ್ಕ ಹೀಗೆ. ಬಿರುಕು ಮಾತ್ರ ಇದ್ದರೆ, ಅಥವಾ ಈಗಷ್ಟೇ ಹರಿದು ಒಳಗಿನ ಗ್ರೀಸ್ ನುಣ್ಣಗೆ ಇದ್ದರೆ, ಬೂಟ್ ಕಿಟ್ ಸಾಕು. ಗ್ರೀಸನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಮರಳು ಸಿಕ್ಕಿದಂತೆ ಕರಕರ ಎಂದರೆ ಜಾಯಿಂಟ್ ಬಿಚ್ಚಿ ತೊಳೆದು ಪರೀಕ್ಷಿಸಲೇಬೇಕು. ಕಟಕಟ ಸದ್ದು ಶುರುವಾಗಿದ್ದರೆ ಹೊಸ ಗ್ರೀಸ್, ಹೊಸ ಬೂಟ್ ಹಾಕಿಸುವುದು ದಂಡ. ಉಕ್ಕಿನಲ್ಲಿ ಬಿದ್ದ ಕುಳಿಯನ್ನು ಗ್ರೀಸ್ ತುಂಬುವುದಿಲ್ಲ. ಸದ್ದು ನಾಲ್ಕು ದಿನ ಅಡಗುತ್ತದೆ, ಅಷ್ಟೇ. ಎಷ್ಟೋ ಕಾರುಗಳಿಗೆ ಹೊರಗಿನ ಜಾಯಿಂಟ್ ಒಂದೇ ಬಿಡಿಯಾಗಿ ಸಿಗುತ್ತದೆ. ಇಡೀ ಶಾಫ್ಟ್ ಬದಲಿಸಬೇಕು ಎಂದರೆ ಯಾಕೆ ಎಂದು ಕೇಳಿ.

ಬೂಟ್ ಬದಲಿಸುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆದರೆ ಪಕ್ಕ ನಿಂತು ನೋಡುವಾಗ ಇಷ್ಟು ಗೊತ್ತಿರಲಿ. ಹಬ್‌ನ (ಚಕ್ರ ಕೂರುವ ಭಾಗದ) ನಡುವಿನ ದೊಡ್ಡ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಸಡಿಲಿಸುತ್ತಾರೆ. ಆಮೇಲೆ ಚಕ್ರ ಬಿಚ್ಚಿ, ಹಬ್ಬನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಕಳಚಿ, ಹಬ್ಬನ್ನು ಹೊರಕ್ಕೆ ಎಳೆದು ಶಾಫ್ಟ್ ತೆಗೆಯುತ್ತಾರೆ. ಗೇರ್‌ಬಾಕ್ಸ್ ಕಡೆಯಿಂದ ಕಿತ್ತರೆ ಗೇರ್ ಆಯಿಲ್ ಸುರಿಯುತ್ತದೆ. ಕೆಳಗೆ ಡಬ್ಬ ಇಡಬೇಕು, ಆಯಿಲ್ ಸೀಲ್ ನೋಡಬೇಕು, ಕೊನೆಗೆ ಮಟ್ಟ ತುಂಬಬೇಕು. ಶಾಫ್ಟನ್ನು ಒಂದು ತುದಿಯಲ್ಲಿ ಜೋತುಬಿಡಬಾರದು. ಭಾರಕ್ಕೆ ಒಳಗಿನ ರೋಲರ್‌ಗಳು ಗಾಡಿ ಬಿಟ್ಟು ಹೊರಗೆ ಬರುತ್ತವೆ. ಶಾಫ್ಟ್ ಇಲ್ಲದೆ ಕಾರನ್ನು ತಳ್ಳಿ ಓಡಾಡಿಸುವುದೂ ಬೇಡ, ವೀಲ್ ಬೇರಿಂಗ್ ಹಾಳಾಗಬಹುದು.

ಗ್ರೀಸ್ ವಿಷಯದಲ್ಲಿ ರಾಜಿ ಬೇಡ. ಕಿಟ್‌ನಲ್ಲಿ ಬರುವುದು ಹೆಚ್ಚಾಗಿ ಮಾಲಿಬ್ಡಿನಂ ಸೇರಿಸಿದ, ಕಪ್ಪು ಬೂದಿ ಬಣ್ಣದ ಗ್ರೀಸ್. ಡಬ್ಬದ ಮಾಮೂಲಿ ಗ್ರೀಸ್ ಇದಕ್ಕೆ ಸಮವಲ್ಲ. ಪ್ಯಾಕೆಟ್ ಪೂರ್ತಿ ಹಾಕಬೇಕು, ಅರ್ಧವನ್ನು ಜಾಯಿಂಟ್‌ನ ಒಳಗೇ ಒತ್ತಿ ತುಂಬಿಸಬೇಕು. ಒಳಗಿನದಕ್ಕೂ ಹೊರಗಿನದಕ್ಕೂ ಬೇರೆ ಬೇರೆ ಗ್ರೀಸ್ ಕೊಟ್ಟಿದ್ದರೆ ಅದಲುಬದಲು ಮಾಡಬಾರದು. ಸಣ್ಣ ಕ್ಲಾಂಪ್ ಬಿಗಿಯುವ ಮೊದಲು ಬೂಟ್‌ನ ಅಂಚು ಎತ್ತಿ ಗಾಳಿ ಬಿಟ್ಟರೆ ಬೂಟ್ ಉಬ್ಬುವುದಿಲ್ಲ, ಒಳಕ್ಕೆ ಸೊಟ್ಟಗಾಗುವುದೂ ಇಲ್ಲ. ಕ್ಲಾಂಪ್ ಬದಲು ಪ್ಲಾಸ್ಟಿಕ್ ಟೈ ಬಿಗಿಯುವವರಿದ್ದಾರೆ, ಬೇಡ ಎನ್ನಿ. ಹಬ್ ನಟ್ ಹೊಸದೇ ಇರಲಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದಲೇ ಬಿಗಿಯಲಿ.

ಅಂಟು ಹಚ್ಚಿ, ಇಲ್ಲವೇ ಬೋಲ್ಟ್ ಬಿಗಿದು ಕೂರಿಸುವ ಸೀಳು ಬೂಟ್‌ಗಳೂ ಸಿಗುತ್ತವೆ. ಶಾಫ್ಟ್ ಬಿಚ್ಚಬೇಕಾಗಿಲ್ಲ, ಹಾಗಾಗಿ ಕೂಲಿ ಕಡಿಮೆ. ಊರು ಸೇರುವ ತನಕ ಪರವಾಗಿಲ್ಲ. ಬಹಳ ದಿನ ನಂಬಲು ನನಗಂತೂ ಧೈರ್ಯವಿಲ್ಲ.

ನಮ್ಮ ರಸ್ತೆಯ ಕಾಟ

ಹಾಸನ, ತುಮಕೂರು, ಮೈಸೂರು ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಇದರ ಮೇಲೆ ಹೋಗುವಾಗ ಹುರುಳಿ ಬಳ್ಳಿ ತಿರುಗುವ ಶಾಫ್ಟ್‌ಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಸುತ್ತು ಬಿಗಿಯಾದಂತೆ ಬೂಟನ್ನು ಕೊರೆಯುತ್ತದೆ, ಬಿಸಿ ಸೈಲೆನ್ಸರ್ ಪೈಪ್‌ಗೆ ತಾಗಿದರೆ ಬೆಂಕಿಯೂ ಹತ್ತುತ್ತದೆ. ಹೀಗೆ ಕಾರು ಸುಟ್ಟುಹೋದ ಸುದ್ದಿ ನೀವೂ ಓದಿರುತ್ತೀರಿ. ಆದಷ್ಟು ಬದಿಯಿಂದ ಹೋಗಿ. ದಾಟಲೇಬೇಕಾಗಿ ಬಂದರೆ ಸ್ವಲ್ಪ ಮುಂದೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕೆಳಗೆ ನೋಡಿ. ಸುತ್ತಿಕೊಂಡಿದ್ದರೆ ಪೈಪ್ ಆರಿದ ಮೇಲೆ ಕೈಯಿಂದ ಬಿಡಿಸಿ. ಚಾಕು ಹಾಕಿದರೆ ಬೂಟೇ ಕೊಯ್ದುಹೋಗುತ್ತದೆ.

ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇಲಿ ಕಡಿಯುವುದೂ ಉಂಟು. ವಾಟರ್ ವಾಷ್ ಮಾಡಿಸುವಾಗ ಪ್ರೆಷರ್ ಗನ್ನನ್ನು ಬೂಟ್‌ಗೆ ಹತ್ತಿರ ಹಿಡಿಯಬೇಡಿ ಎಂದು ಹೇಳಿ. ಸ್ಟೀರಿಂಗ್ ಪೂರ್ತಿ ಕಟ್ ಆಗಿರುವಾಗ ಜೋರಾಗಿ ಆಕ್ಸಿಲರೇಟರ್ ತುಳಿದರೆ ಜಾಯಿಂಟ್‌ಗೆ ಅತಿ ಹೆಚ್ಚು ಪೆಟ್ಟು. ಮುಂದಿನ ಚಕ್ರ ಎಳೆಯುವ ಎಲೆಕ್ಟ್ರಿಕ್ ಕಾರುಗಳಲ್ಲೂ ಇದೇ ಶಾಫ್ಟ್, ಇದೇ ಬೂಟ್ ಇರುತ್ತವೆ. ಎಂಜಿನ್ ಇಲ್ಲ ಎಂದು ಇದನ್ನು ಬಿಡುವ ಹಾಗಿಲ್ಲ.

ಬೂಟ್ ಹಾಕಿಸಿ ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಟಾರ್ಚ್ ಹಿಡಿಯಿರಿ. ರಿಮ್‌ನ ಒಳಬದಿಯಲ್ಲಿ ಗ್ರೀಸ್ ಕಂಡರೆ ಗಾಬರಿ ಬೇಡ, ಜೋಡಿಸುವಾಗ ಮೆತ್ತಿದ್ದೂ ಇರಬಹುದು. ಬಟ್ಟೆಯಿಂದ ಒರೆಸಿ ಎರಡು ದಿನ ಬಿಟ್ಟು ನೋಡಿ. ಮತ್ತೆ ಅದೇ ಜಾಗದಲ್ಲಿ ಗೆರೆ ಎದ್ದಿದ್ದರೆ ಕ್ಲಾಂಪ್ ಸರಿಯಾಗಿ ಕೂತಿಲ್ಲ, ಅದೇ ಗ್ಯಾರೇಜಿಗೆ ಬಿಲ್ ಸಮೇತ ಹೋಗಿ.